ಜಾಕೆಟ್ಟಿನ ಬೆನ್ನು

ಜೋಹಾರನ ದೋಣಿ ದಕ್ಕೆಯ ಬುಡದಲ್ಲೇ ಮುಳುಗಿ ಕೂತಿತ್ತು. ನೀರಿನ ಮೇಲೆ ಕಂಡದ್ದು ಅದರ ತಗಡಿನ ಮಾಡು ಮಾತ್ರ. ಮಲೇಷ್ಯಾ ದಡದ ನಮ್ಮ ಪೆಂಗೆರಾಂಗಿನಿಂದ ಸಿಂಗಾಪುರಕ್ಕೆ ಜನ ದಾಟಿಸುವ ದೋಣಿಗಳಲ್ಲಿ ಅದೇ ಹಳೆಯದು. ದಕ್ಕೆಯಲ್ಲಿ ಟಿಕೆಟು ಹರಿಯುವವಳು ನಾನು. ಓಡಿಹೋಗಿ ಸೌದಾ ಟೀಚರನ್ನು ಕರೆತಂದೆ. ಶಾಲೆಯಿಂದ ನಿವೃತ್ತರಾದ ಮೇಲೆ ಊರಿನ ಕಳವು, ಕಿತಾಪತಿಗಳ ಗಂಟು ಬಿಡಿಸುವುದು ಅವರ ಕೆಲಸ, ಅವರ ಹಿಂದೆ ಓಡಾಡುವುದು ನನ್ನ ಕೆಲಸ.

ಅಷ್ಟರಲ್ಲಿ ಜನ ತೀರ್ಪು ಕೊಟ್ಟಾಗಿತ್ತು: ಮಾಡಿದವನು ಇನ್ನೊಬ್ಬ ದೋಣಿಯವನು ಬೂನ್ ಹುವಾ. ಹಿಂದಿನ ಸಂಜೆ ಜನ ಹತ್ತಿಸುವ ಸರದಿಯ ವಿಷಯಕ್ಕೆ ಜೋಹಾರನ ಜೊತೆ ಕಿತ್ತಾಡಿ, ನಿನ್ನ ದೋಣಿ ಮುಳುಗಿಹೋಗಲಿ ಎಂದು ಶಾಪ ಹಾಕಿದ್ದ. ಇಬ್ಬರದೂ ಮೂವತ್ತು ವರ್ಷದ ಸ್ನೇಹ. ಆದರೂ ಜೋಹಾರ್ ಅವನತ್ತ ಮುಖವೆತ್ತಿ ನೋಡಲಿಲ್ಲ. ಆ ಮಧ್ಯಾಹ್ನವೇ ಎಲ್ಲರೂ ಕಾಫಿ ಅಂಗಡಿಯಲ್ಲಿ ಸೇರಿ ಬೂನ್ ಹುವಾನನ್ನು ದಕ್ಕೆಯಿಂದಲೇ ಹೊರಹಾಕುವುದೆಂದು ಮಾತಾಯಿತು. ವಯಸ್ಸಾದ ಮನುಷ್ಯ, ದೋಣಿ ಬಿಟ್ಟರೆ ಅನ್ನಕ್ಕೆ ಬೇರೆ ದಾರಿಯಿಲ್ಲ.

ಟೀಚರ್ ಸಮುದ್ರದ ಇಳಿತಕ್ಕೆ ಕಾದು ದೋಣಿಯನ್ನು ನೋಡಿದರು. ತಳದಲ್ಲಿ ಒಂದು ಗೀರೂ ಇರಲಿಲ್ಲ. ನೀರು ಬಿಡುವ ತೂತಿನ ಬಿರಡೆಯನ್ನು ಯಾರೋ ಬಿಚ್ಚಿ, ಮೇಲಿನ ಹಲಗೆಯನ್ನು ಮತ್ತೆ ನೆಟ್ಟಗೆ ಕೂರಿಸಿದ್ದರು. ಅದು ಜೋಹಾರ್ ತಾನೇ ಮಾಡಿ ಅಡಗಿಸಿಟ್ಟ ಬಿರಡೆ. ಮನೆಯವರ ಹೊರತು ಯಾರಿಗೂ ತೋರಿಸಿರಲಿಲ್ಲ.

"ಸಿಟ್ಟಿನಲ್ಲಿ ಬಂದವನು ಕೊಡಲಿ ತರ್ತಾನೆ, ಹಲಗೆ ನೆಟ್ಟಗೆ ಕೂರಿಸಿ ಹೋಗಲ್ಲ ಕಣೇ ಲತೀಪಾ," ಎಂದರು ಟೀಚರ್.

ಮಧ್ಯಾಹ್ನದ ಹೊತ್ತಿಗೆ ಜೋಹಾರನ ತಮ್ಮ ರಿದ್ವಾನ್ ಸಿಂಗಾಪುರದಿಂದ ಅಣ್ಣನ ಮನೆಗೆ ಬಂದ. ದಿನಾ ಇದೇ ದೋಣಿಯಲ್ಲಿ ದಾಟಿಸಿ ಆ ದಡದ ಶಾಲೆಯಲ್ಲಿ ಅಣ್ಣ ಓದಿಸಿದ ಹುಡುಗ, ಈಗ ಅಲ್ಲೇ ಕೆಲಸ. ಬೆಳಿಗ್ಗೆ ಫೋನು ಬಂದದ್ದೇ ಹೊರಟೆ, ದೋಣಿಗಳು ಓಡುತ್ತವೋ ಇಲ್ಲವೋ ಎಂದು ದೂರದ ಜೋಹೋರ್ ಪಟ್ಟಣದ ಸೇತುವೆ ದಾಟಿ ಬಸ್ಸಿನಲ್ಲಿ ಸುತ್ತಿ ಬಂದೆ, ಏಸಿಗೆ ಮೈ ನಡುಗಿತು ಎನ್ನುತ್ತ ಜಾಕೆಟ್ ಕಳಚಿ ಕುರ್ಚಿಗೆ ಹಾಕಿದ. ಅಣ್ಣನನ್ನು ತಬ್ಬಿ ಅತ್ತ. ಇನ್ನಾದರೂ ದಡದ ನಮ್ಮ ಜಾಗವನ್ನು ಕೊಳ್ಳಲು ಕೇಳುತ್ತಿರುವ ಹೋಟೆಲಿನವರಿಗೆ ಕೊಟ್ಟು ಹಾಯಾಗಿರು ಎಂದು ಬುದ್ಧಿ ಹೇಳಿದ.

ಟೀಚರ್ ಜಾಕೆಟ್ ಎತ್ತಿ ನೋಡಿದರು. ಎದೆಯ ಭಾಗ ಶುಭ್ರವಾಗಿತ್ತು. ಬೆನ್ನಿನ ತುಂಬ ಮಸಿ, ಸತ್ತ ನುಸಿಗಳ ರೆಕ್ಕೆ. ಬಸ್ಸಿನ ಸೀಟಿನ ಕೊಳೆ ಎಂದುಕೊಂಡೆ ನಾನು. ಕೊನೆಯ ಸಲ ಒಗೆದದ್ದು ಯಾವಾಗ ಎಂದು ಟೀಚರ್ ಅವನ ಅತ್ತಿಗೆಯನ್ನು, ಜೋಹಾರನ ಹೆಂಡತಿಯನ್ನು, ಕೇಳಿದರು. ಭಾನುವಾರ ನಾನೇ ಒಗೆದದ್ದು, ಅದನ್ನು ಹಾಕಿಕೊಂಡೇ ಅಣ್ಣನ ದೋಣಿಯಲ್ಲಿ ಹೋದ, ಆ ಕಡೆ ಅವನ ಓಡಾಟವೆಲ್ಲ ರೈಲಿನಲ್ಲೇ ಎಂದಳು ಆಕೆ.

ದೋಣಿಯವರೆಲ್ಲ ಕಾಫಿ ಅಂಗಡಿಯಲ್ಲಿ ಸೇರಿದಾಗ ರಿದ್ವಾನನೂ ಬಂದಿದ್ದ. ಅಲ್ಲಿ ಟೀಚರ್ ನನ್ನನ್ನೇ ಕೇಳಿದರು, "ಬೈಕಿನೋರು ನಮ್ಮಲ್ಲಿ ಜಾಕೆಟ್ ಹೇಗೆ ಹಾಕ್ತಾರೆ?"

"ಹಿಂದುಮುಂದು, ಎದೆಗೆ ಗಾಳಿ ಹೊಡೀಬಾರದಲ್ಲ," ಎಂದೆ. ಎಂದವಳು ಟೀಚರ ಕೈಯಲ್ಲಿದ್ದ ಜಾಕೆಟ್ಟಿನ ಬೆನ್ನು ನೋಡಿದೆ.

ಬಸ್ಸಿನ ಸೀಟಿನಲ್ಲಿ ನುಸಿ ಮೆತ್ತುವುದಿಲ್ಲ ಎಂದು ಟೀಚರ್ ವಿವರಿಸಿದರು. ಕತ್ತಲಾದ ಮೇಲೆ ತಾಳೆ ತೋಟದ ರಸ್ತೆಯಲ್ಲಿ ಬೈಕು ಓಡಿಸಿದವನಿಗೆ ಹೀಗೆ ಮೆತ್ತುತ್ತದೆ. ಅಂದರೆ ರಿದ್ವಾನ್ ಬಂದದ್ದು ಇಂದಲ್ಲ, ನಿನ್ನೆ ರಾತ್ರಿ. ದೋಣಿಯಲ್ಲಿ ಬಂದರೆ ಇಳಿಯುವವರನ್ನೆಲ್ಲ ನಾನು ನೋಡುತ್ತೇನೆ. ಅದಕ್ಕೇ ಅಷ್ಟು ದೂರ ಸುತ್ತಿ ಬಂದ. ಬಿರಡೆಯ ಜಾಗ ಗೊತ್ತಿತ್ತು, ಕತ್ತಲಲ್ಲೂ ಕೈ ತಪ್ಪಲಿಲ್ಲ.

"ಬೈಕು ಎಲ್ಲಿಟ್ಟಿದ್ದೀಯಪ್ಪಾ?"

ರಿದ್ವಾನ್ ತಲೆ ತಗ್ಗಿಸಿದ. "ಇಲ್ಲೇ ಗೆಳೆಯನ ಮನೇಲಿ. ಎರವಲು ತಂದ ಬೈಕು. ದೋಣಿ ಇರೋವರೆಗೂ ಜಾಗ ಮಾರಲ್ಲ ಅಂತ ಅಣ್ಣ ಅಂದಿದ್ದ, ಮಾರಿದ್ರೆ ನನಗೂ ಪಾಲು ಸಿಗ್ತಿತ್ತು. ಬೂನ್ ಹುವಾ ಮೇಲೆ ಬರುತ್ತೆ ಅಂತ ಗೊತ್ತಿರ್ಲಿಲ್ಲ."

ಉಂಡ ಮನೆಗೆ ಎರಡು ಬಗೆದವನು! ಎಂದು ನಾನು ಬೈದುಬಿಟ್ಟೆ. ಜೋಹಾರ್ ಮಾತ್ರ ಬೈಯಲಿಲ್ಲ. "ಹೆಗಲ ಮೇಲೆ ಕೂರಿಸ್ಕೊಂಡು ಆ ದೋಣಿ ಹತ್ತಿಸ್ತಿದ್ದೆ ನಿನ್ನ. ಹೋಗು. ಸಿಂಗಾಪುರಕ್ಕೆ ಬಸ್ಸಿದೆ, ರೈಲಿದೆ. ಈ ದಕ್ಕೆಗೆ ಮಾತ್ರ ಕಾಲಿಡಬೇಡ," ಎಂದ.

ಆಮೇಲೆ ಹೋಗಿ ಬೂನ್ ಹುವಾನ ಕೈ ಹಿಡಿದು, ತಪ್ಪಾಯಿತು ಎಂದ. ಬೂನ್ ಹುವಾ ಮೆಲ್ಲಗೆ ಕೈ ಬಿಡಿಸಿಕೊಂಡ.

"ಅವನು ಆಸೆಗೆ ಮಾಡಿದ. ನೀನು ಬೆಳಿಗ್ಗೆಯಿಂದ ಒಂದು ಸಲ ನನ್ನನ್ನ ಕೇಳಬಹುದಿತ್ತಲ್ಲೋ ಜೋಹಾರ್."

ಕಾದಿದ್ದ ಪ್ರಯಾಣಿಕರನ್ನು ಹತ್ತಿಸಿಕೊಂಡು ಅವನು ಹೊರಟುಹೋದ. ಸಂಜೆ ವಾಪಸು ಬಂದವನು ದಿನಾ ಕಟ್ಟುತ್ತಿದ್ದ ಜೋಹಾರನ ಪಕ್ಕದ ಕಂಬ ಬಿಟ್ಟು, ದಕ್ಕೆಯ ಆ ತುದಿಯಲ್ಲಿ ದೋಣಿ ಕಟ್ಟಿದ.