ಸದ್ದಿಲ್ಲದೆ ಬಂದ ಮಂದೆ

"ಅಪ್ಪನ್ನ ಕೊಂದ್ಬಿಟ್ಟಿದ್ದಾರೆ! ಯಾರಾದ್ರೂ ಬನ್ರೋ!"

ಕೂಗಿದವನು ಬಾಕೀಸರ ಮಗ ಇಸ್ತೇವನೆ. ಅಪ್ಪನಿಗೆ ಬುತ್ತಿ ತೆಗೆದುಕೊಂಡು ಬೆಟ್ಟಕ್ಕೆ ಹೋಗಿದ್ದ. ಪುರಾತನ ಕಲ್ಲುಗೋಪುರದೊಳಗೆ ಬಾಕೀಸ್ ಅಂಗಾತ ಬಿದ್ದಿದ್ದರು. ತಲೆ ಒಡೆದಿತ್ತು. ಪಕ್ಕದಲ್ಲೊಂದು ಊರುಗೋಲು. ಮಗನ ಕೈಯಿಂದ ಜಾರಿದ ಹಪ್ಪಳದಂಥ ರೊಟ್ಟಿ ಚೂರುಚೂರಾಗಿ ಹರಡಿತ್ತು.

ನಾನು ಠಾಣೆಯ ಪೇದೆ. ಸಾರ್ಡೀನಿಯಾದ ಈ ಬೆಟ್ಟಗಳಲ್ಲೇ ಹುಟ್ಟಿದವನು. ಹೆಣ ನೋಡದವನೇನಲ್ಲ. ಆದರೂ ಬಾಕೀಸಣ್ಣನನ್ನು ಕೊಲ್ಲುವುದೆಂದರೇನು! ನನಗೆ ಹಾಲು ಕರೆಯಲು ಕಲಿಸಿದವರೇ ಅವರು.

ಕೋಲನ್ನು ಊರೆಲ್ಲ ಗುರುತಿಸಿತು. ಅದು ಮುದುಕ ಪ್ರೇದುವಿನದು. ನೀರಿನ ತೊಟ್ಟಿಗಾಗಿ ಬಾಕೀಸರೊಂದಿಗೆ ವರ್ಷಗಟ್ಟಲೆ ಕಿತ್ತಾಡಿದ ಕುರಿಗಾಹಿ.

ಇಸ್ತೇವನೆ ಬಂದೂಕು ತರಲು ಮನೆಗೆ ಓಡಿದ. ನಮ್ಮ ಕಡೆ ಸೇಡು ಶುರುವಾದರೆ ಎರಡೂ ಮನೆಯ ಗಂಡಸರು ಮುಗಿಯುವವರೆಗೂ ನಿಲ್ಲುವುದಿಲ್ಲ.

* * *

ಇನ್ಸ್‌ಪೆಕ್ಟರ್ ಬೊನಾರಿಯಾ ಮೊದಲು ಪ್ರೇದುವನ್ನು ಗೋಪುರದ ಬಳಿ ನಿಂತಿದ್ದ ಜೀಪಿನೊಳಗೆ ಕೂರಿಸಿ ಬೀಗ ಹಾಕಿದರು. ಕಿಟಕಿಯಲ್ಲೇ ವಿಚಾರಣೆ.

"ಕೋಲು ನಿಂದೇ ತಾನೆ?"

"ನಂದೇ ಕಣಮ್ಮಾ. ನಿನ್ನೆ ಸಂಜೆ ಇಬ್ರೂ ಇಲ್ಲೇ ಕೂತು ವೈನ್ ಕುಡಿದ್ವಿ. ಮರೆತು ಬಂದೆ."

"ಜಗಳ ಅಂತಾರೆ. ನೀನು ಕುಡಿದ್ವಿ ಅಂತೀಯಾ?"

"ಬೈಕೊಂಡೇ ಕುಡೀತಿದ್ವಿ. ಇನ್ಮೇಲೆ ನಾನು ಯಾರನ್ನ ಬೈಲಿ?" ಮುದುಕ ಗಳಗಳನೆ ಅತ್ತ.

ಎಂಥ ನಾಟಕ ಎಂದುಕೊಂಡೆ.

ಅಷ್ಟರಲ್ಲಿ ಬಾಕೀಸರ ತಮ್ಮ ಲುಸ್ಸೋರಿಯೊ ಏದುಸಿರು ಬಿಡುತ್ತ ಬಂದ. ಅಣ್ಣನ ಕಾಲ ಮೇಲೆ ಬಿದ್ದು ಗೋಳಾಡಿದ.

"ನಿನಗೆ ಹೇಗೆ ಗೊತ್ತಾಯ್ತು?" ಬೊನಾರಿಯಾ ಕೇಳಿದರು.

"ಹುಡುಗ ಕೂಗಿದ್ದು ಕೇಳಿಸ್ತಕ್ಕಾ. ಕುರಿಗಳನ್ನ ಆಚೆ ಇಳಿಜಾರಲ್ಲಿ ಬಿಟ್ಟು ಹಂಗೇ ಓಡಿ ಬಂದೆ. ನಿನ್ನೆಯಿಂದ ಅಣ್ಣನ ಮುಖಾನೇ ನೋಡಿರಲಿಲ್ಲ."

* * *

ಇಸ್ತೇವನೆ ಬಂದೂಕಿನೊಂದಿಗೆ ಬಂದ. ನೇರ ಜೀಪಿನ ಕಿಟಕಿಗೆ ಗುರಿ. ಬೊನಾರಿಯಾ ಅಡ್ಡ ನಿಂತರು.

"ಪಕ್ಕಕ್ಕೆ ಸರಿ ಅಕ್ಕಾ!"

"ಮೊದಲು ನಂಗೆ ಹೊಡಿ."

ಲುಸ್ಸೋರಿಯೊ ನೆಲ ನೋಡುತ್ತ ನಿಂತಿದ್ದ.

ಆಗ ಗುಡ್ಡದ ಅಂಚಿನಿಂದ ಕುರಿಗಳು ಇಳಿದವು. ಒಡೆಯನನ್ನು ಹುಡುಕಿಕೊಂಡು ಬಂದ ಲುಸ್ಸೋರಿಯೊನ ಮಂದೆ. ಪ್ರತಿ ಕೊರಳಲ್ಲೂ ಗಂಟೆ. ಒಂದೂ ಸದ್ದು ಮಾಡಲಿಲ್ಲ.

ಬೊನಾರಿಯಾ ಬಗ್ಗಿ ಮುಂದಿನ ಕುರಿಯ ಗಂಟೆಯೊಳಗೆ ಬೆರಳು ಹಾಕಿದರು. ಹಿಡಿ ಹುಲ್ಲು ಹೊರಬಂತು.

"ಮನೇಲಿ ಸಾವಾದ್ರೆ ಸೂತಕ ಅಂತ ಮಂದೆಯ ಗಂಟೆಗೆ ಹುಲ್ಲು ತುರುಕ್ತೀವಿ. ನಮ್ಮಪ್ಪ ಹೋದಾಗ ನಾನೂ ತುರುಕಿದೀನಿ. ಕೂಗು ಕೇಳಿ ಹಂಗೇ ಓಡಿ ಬಂದೆ ಅಂದ್ಯಲ್ಲ ಲುಸ್ಸೋರಿಯೊ? ಬಂದ ಮೇಲೆ ನಮ್ಮ ಕಣ್ಮುಂದೇನೇ ಇದೀಯ. ಹಾಗಾದ್ರೆ ಇದನ್ನ ಯಾವಾಗ ತುರುಕಿದೆ? ಹುಡುಗ ಕೂಗೋಕೆ ಮೊದಲೇ ತಾನೆ? ಅಣ್ಣ ಸತ್ತಿದ್ದು ಆಗ ನಿನಗೆ ಹೇಗೆ ಗೊತ್ತಾಯ್ತು?"

ಲುಸ್ಸೋರಿಯೊ ತನ್ನ ಕೈ ನೋಡಿಕೊಂಡ. ಬೆರಳೆಲ್ಲ ಹಸಿರು.

"ನಾನೇ ತುರುಕಿದ್ನಾ?" ಎಂದ. ಬೇರೆ ಯಾರೋ ಮಾಡಿದ್ದನ್ನು ಕೇಳುವವನಂತೆ. ಅಯ್ಯೋ, ಆ ಮುಖವನ್ನು ನಾನು ಮರೆಯಲಾರೆ.

ಆಮೇಲೆ ಅವನೇ ಹೇಳಿದ. "ರೋಮನ್ನರು ಬಂದ್ರು, ಸ್ಪೇನಿನವರು ಬಂದ್ರು. ಬಯಲೆಲ್ಲ ಕೊಟ್ಟರೂ ಈ ಬೆಟ್ಟ ಬಿಡಲಿಲ್ಲ ನಮ್ಮೋರು. ಅಣ್ಣ ಕರೆಂಟ್ ಮಾಡೋ ಗಾಳಿಯಂತ್ರದ ಕಂಪನಿಗೆ ಇದನ್ನ ಬರೆದುಕೊಡ್ತೀನಿ ಅಂದ. ಬೆಳಗ್ಗೆ ಇಲ್ಲೇ ಮಾತಿಗೆ ಮಾತಾಯ್ತು. ತಳ್ಳಿದೆ. ತಲೆ ಕಲ್ಲಿಗೆ ಬಡೀತು. ಕೋಲು ಕಣ್ಣಿಗೆ ಬಿತ್ತು, ಪಕ್ಕದಲ್ಲಿಟ್ಟೆ."

"ನಾನು ಪ್ರೇದು ತಾತನಿಗೆ ಗುರಿ ಇಟ್ಟಾಗ್ಲೂ ಸುಮ್ನೆ ನಿಂತಿದ್ಯಲ್ಲ ಚಿಕ್ಕಪ್ಪಾ!" ಇಸ್ತೇವನೆಯ ದನಿ ಒಡೆಯಿತು.

ಬಂದೂಕಿನ ನಳಿಗೆ ನಿಧಾನ ಲುಸ್ಸೋರಿಯೊನ ಕಡೆ ತಿರುಗಿತು. ಬೊನಾರಿಯಾ ಕದಲಲಿಲ್ಲ, ಹುಲ್ಲಿದ್ದ ಅಂಗೈಯನ್ನು ಹುಡುಗನ ಮುಂದೆ ಚಾಚಿದರು.

ಇಸ್ತೇವನೆ ತುಂಬ ಹೊತ್ತು ಆ ಹುಲ್ಲನ್ನೇ ನೋಡಿದ. ಬಂದೂಕನ್ನು ನನ್ನ ಕೈಗಿತ್ತ. ಹುಲ್ಲು ತೆಗೆದುಕೊಂಡು ಕುರಿಯ ಮುಂದೆ ಮಂಡಿಯೂರಿದ. ಗಂಟೆಯೊಳಗೆ ಅದನ್ನು ಮತ್ತೆ ತುರುಕಿದ.