ಆಲದ ಮರದ ಉತ್ತರ

"ಉತ್ತರ ಎಲ್ಲೈತ್ರೀ?" ಎಂದು ತೋಟಗಾರಿಕೆ ಅಧಿಕಾರಿ ಅನುರಾಧಾ ಕೂಗಿದಳು.

ತೆಲಂಗಾಣದ ಗಡಿಯೂರು ನಾರಾಯಣಪೇಟೆಯ ಹೊಸ ಪಾರ್ಕಿನ ಗುಂಡಿಯ ಮೇಲೆ ಮುದಿ ಆಲದ ಮರ ಕ್ರೇನಿನಲ್ಲಿ ತೂಗುತ್ತಿತ್ತು. ಮಖ್ತಲ್ ರಸ್ತೆ ಅಗಲವಾಗಬೇಕೆಂದು ಅದನ್ನು ಬೇರುಸಮೇತ ಎಬ್ಬಿಸಿ ತಂದಿದ್ದರು. ಹಳೆಯ ಜಾಗದಲ್ಲಿ ಉತ್ತರಕ್ಕಿದ್ದ ಮೈ ಇಲ್ಲಿಯೂ ಉತ್ತರಕ್ಕೇ ಬರಬೇಕು. ಗುರುತಿಗೆಂದು ಅವಳೇ ಬಳಿದಿದ್ದ ಬಿಳಿ ಬಣ್ಣ ಗೋಣಿತಟ್ಟಿನಡಿ ಮುಚ್ಚಿಹೋಗಿತ್ತು. ಮೂರು ದಿನದಿಂದ ಅವಳು ನೆಟ್ಟಗೆ ಉಂಡಿರಲಿಲ್ಲ. ನಾಳೆ ವರ್ಗದ ಮೇಲೆ ಗದ್ವಾಲಕ್ಕೆ ಹೋಗಬೇಕು, ಅದು ನಾಲ್ಕನೆಯ ಊರು. ಸಾಕುಸಾಕಾಗಿತ್ತು.

ಹಗ್ಗ ಹಿಡಿದಿದ್ದ ಮೇಸ್ತ್ರಿ ಅಂಜನಕುಮಾರ್ ಬೆಚ್ಚಿಬಿದ್ದ. ಮನೆಯಲ್ಲಿ ಕನ್ನಡವಾದರೂ ಅವನು ಕಲಿತದ್ದು ತೆಲುಗು ಶಾಲೆಯಲ್ಲಿ. ತೆಲುಗಿನಲ್ಲಿ ಉತ್ತರವೆಂದರೆ ಕಾಗದ, ಪತ್ರ; ಅವನ ಪಾಲಿಗೂ ಅದೇ. ಅವನು ಬರೆದಿಟ್ಟ ಕಾಗದದ ಗುಟ್ಟು ಬಲ್ಲವಳು ಗಿಡಗಳಿಗೆ ನೀರುಣಿಸುವ ಬುಚ್ಚಮ್ಮ ಒಬ್ಬಳೇ; ಅವಳತ್ತ ದುರುಗುಟ್ಟಿ ನೋಡಿದ.

"ನೀನ ಹೇಳೀದೇನವ್ವಾ?"

"ನಾ ಏನೂ ಹೇಳಿಲ್ಲಪ್ಪಾ!"

ಹಗ್ಗವನ್ನು ಅವಳಿಗೆ ಕೊಟ್ಟು, ಜೇಬಿನಿಂದ ಬೆವರಿಗೆ ನೆನೆದ ಕಾಗದವೊಂದನ್ನು ತೆಗೆದು ಅನುರಾಧಾಳ ಮುಂದೆ ಹಿಡಿದ.

"ಇಲ್ಲೈತ್ರೀ ಮೇಡಂ. ಬರದು ನಾಕು ತಿಂಗಳಾತು."

"ಇದೇನ್ರೀ? ನಾ ಗಿಡದ ದಿಕ್ಕು ಕೇಳೀನಿ!"

ಕೆಲಸದವರು ಹೊಟ್ಟೆ ಹಿಡಿದು ನಕ್ಕರು. ಬುಚ್ಚಮ್ಮ ಗೋಣಿತಟ್ಟು ಸರಿಸಿ ಬಣ್ಣ ತೋರಿಸಿದಳು. ಅಂಜನಕುಮಾರ್ ತಲೆಯೆತ್ತದೆ ಹೋಗಿ ಹಗ್ಗ ಹಿಡಿದ. ಕಾಗದ ಮಾತ್ರ ಅನುರಾಧಾಳ ಕೈಯಲ್ಲೇ ಉಳಿಯಿತು.

ಮರ ಕೂತಿತು, ಮಣ್ಣು ತುಂಬಿದರು. ಅವಳು ಅಲ್ಲೇ ಕುಸಿದು ಕೂತು ಕಾಗದ ಬಿಚ್ಚಿದಳು. ಅಕ್ಷರ ತೆಲುಗು, ಮಾತು ಕನ್ನಡ. 'ನೀವು ಬಿಸಿಲಾಗ ನಿಂತ್ರ ನನಗ ಸಂಕಟ ಆಗ್ತೈತಿ. ನೀವು ಯಾ ಊರಿಗೆ ಹೋದ್ರೂ ನಾ ಬರ್ತೀನಿ. ಮದುವಿ ಆಗೂಣೇನ್ರೀ?'

ದಿನವೂ ಬಿಸಿಲೇರಿದಾಗ ಅವನು ನೆರಳಲ್ಲಿ ಒಂದು ಬುಟ್ಟಿ ಬೋರಲು ಹಾಕಿ, ಅವಳು ಕೂರಲೆಂದು ಆಚೆ ಸರಿಯುತ್ತಿದ್ದ. ಬರಬರುತ್ತ ಅವಳ ಕಣ್ಣು ಬುಟ್ಟಿಯನ್ನು ಬಿಟ್ಟು ಅವನನ್ನೇ ಹುಡುಕತೊಡಗಿತ್ತು. ಅವಳಿಗೆ ಅಳು ಬಂತು. ಇಷ್ಟು ವರ್ಷ ಊರಿಂದೂರಿಗೆ ಅವಳ ಬೆನ್ನು ಹತ್ತಿ ಬಂದದ್ದು ವರ್ಗದ ಆರ್ಡರ್ ಒಂದೇ.

ಅವನು ನೀರಿನ ಬಾಟಲಿ ಹಿಡಿದು ದೂರದಲ್ಲೇ ನಿಂತ. "ತಪ್ಪಾತ್ರೀ ಮೇಡಂ. ಹರದು ಹಾಕ್ರಿ."

"ನನಗ ಭಾಳ ದಣಿವಾಗೈತ್ರೀ," ಎಂದಳು. "ಹೊಸ ಊರು, ಹೊಸ ಮನಿ, ಒಬ್ಬಾಕಿಗೇ ಅಡಗಿ... ಇನ್ನ ಆಗಂಗಿಲ್ಲ ನನ್ನ ಕೈಲೆ."

"ಅಡಗಿ ನಾ ಮಾಡ್ತೀನ್ರೀ ಮೇಡಂ."

ಅವಳು ಕಣ್ಣೊರೆಸಿಕೊಂಡು ಅವನ ಮಣ್ಣು ಮೆತ್ತಿದ ಮುಖವನ್ನು ನೋಡಿದಳು. ಕಾಗದವನ್ನು ಮಡಚಿ ಬ್ಯಾಗಿನಲ್ಲಿ ಇಟ್ಟುಕೊಂಡಳು.

"ಮನ್ಯಾಗೂ ಮೇಡಂ ಅಂತೀರೇನು?"