ಅಪ್ಪನ ವಯಸ್ಸು ಅರವತ್ತೆರಡು

"ನಮ್ಮಪ್ಪನ್ನ ಸಾಯಿಸಿದೋರು ನೀವೇನ್ರೀ?"

ಚನ್ನಗಿರಿ ಬಸ್ ನಿಲ್ದಾಣದ ಎದುರಿನ ಫ್ಲೆಕ್ಸ್ ಅಂಗಡಿಯಲ್ಲಿ ಕಂಪ್ಯೂಟರ್ ಮುಂದೆ ಕೂತಿದ್ದ ಮಾಲತೇಶ್ ಬೆಚ್ಚಿ ತಲೆಯೆತ್ತಿದ.

ಬಾಗಿಲಲ್ಲಿ ಒಬ್ಬಳು ಹುಡುಗಿ. ಕೈಯಲ್ಲಿ ಗೋಡೆಯಿಂದ ಕಿತ್ತು ತಂದ ಪೋಸ್ಟರ್. ಅದರ ಮೂಲೆಗಳಿಗೆ ಸುಣ್ಣದ ಚೂರು ಇನ್ನೂ ಅಂಟಿಕೊಂಡಿತ್ತು. ಅವಳು ಅದನ್ನು ತಂದು ಅವನ ಕೀಬೋರ್ಡ್ ಮೇಲೆಯೇ ಹರಡಿದಳು.

ನಡುವೆ ಅವಳ ಅಪ್ಪ ಬೈಲಪ್ಪನ ಫೋಟೋ. ಎರಡೂ ಪಕ್ಕ ಉರಿಯುವ ದೀಪ. ಮೇಲೆ ದಪ್ಪ ಅಕ್ಷರದಲ್ಲಿ 'ಭಾವಪೂರ್ಣ ಶ್ರದ್ಧಾಂಜಲಿ'. ಅಪ್ಪ ಮನೆ ಬಿಟ್ಟ ತಾರೀಖೇ ಅಲ್ಲಿ ಮರಣದ ತಾರೀಖಾಗಿತ್ತು.

"ನಮ್ಮಪ್ಪ ಕಾಣೆಯಾಗಿದಾರೆ ಅಷ್ಟೇ. ಸತ್ತಿಲ್ಲ," ಎಂದಳು ಕಾವ್ಯಶ್ರೀ. ಅಷ್ಟು ಹೊತ್ತು ಗಟ್ಟಿಯಾಗಿದ್ದ ದನಿ ಅಲ್ಲಿಗೆ ಒಡೆಯಿತು. "ಬೆಳಿಗ್ಗೆಯಿಂದ ಜನ ಹಾರ ಹಿಡ್ಕೊಂಡು ಮನೆಗೆ ಬರ್ತಾ ಇದಾರೆ. ನಮ್ಮವ್ವ ಬಾಗಿಲು ಹಾಕ್ಕೊಂಡು ಒಳಗೆ ಕುಂತಾಳೆ…"

ಮಾಲತೇಶ್ ಪೋಸ್ಟರಿನ ದೀಪಗಳನ್ನು ನೋಡಿದ. ತಪ್ಪು ಎಲ್ಲಿ ಆಗಿದೆ ಎಂದು ಅವನಿಗೆ ಆ ಕ್ಷಣವೇ ಹೊಳೆಯಿತು.

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಕಡೆ ಕಾಣೆಯಾದವರ ವಿವರಗಳನ್ನು ಒಂದು ಸೇವಾ ಸಂಸ್ಥೆಯವರು ಎಕ್ಸೆಲ್‌ನಲ್ಲಿ ತುಂಬಿ ಅವನಿಗೆ ಕಳಿಸುತ್ತಿದ್ದರು. ಬೇಗ ಆಗಲಿ ಎಂದು ಅವನೇ ಒಂದು ಸಾಫ್ಟ್‌ವೇರ್ ಬರೆದಿದ್ದ. ಎಕ್ಸೆಲ್‌ನ ಒಂದೊಂದು ಸಾಲೂ ಹೆಸರು, ಫೋಟೋ, ಫೋನ್ ನಂಬರ್ ಸಮೇತ ತಾನಾಗಿಯೇ ಒಂದೊಂದು ಪೋಸ್ಟರ್ ಆಗುತ್ತಿತ್ತು. ಆದರೆ ಆ ಸಾಫ್ಟ್‌ವೇರ್ ಮೊದಲು ಹುಟ್ಟಿದ್ದು ಅಂಗಡಿಯ ಶ್ರದ್ಧಾಂಜಲಿ ಪೋಸ್ಟರ್‌ಗಳಿಗಾಗಿ. ಯಾವ ಡಿಸೈನ್ ಎಂಬ ಕಾಲಂ ಖಾಲಿ ಇದ್ದರೆ ಅದು ಹಳೆಯ ಅಭ್ಯಾಸದಂತೆ ದೀಪ ಹಚ್ಚಿಬಿಡುತ್ತಿತ್ತು.

ಬೈಲಪ್ಪನ ಸಾಲಿನಲ್ಲಿ ಆ ಕಾಲಂ ಖಾಲಿ ಇತ್ತು. ಮಾಲತೇಶ್ ತೆರೆದು ನೋಡದೆ ಎಲ್ಲವನ್ನೂ ಒಟ್ಟಿಗೆ ಪ್ರಿಂಟಿಗೆ ಕೊಟ್ಟಿದ್ದ. ಈಗ ಅದು ಅಷ್ಟೂ ಊರುಗಳ ಗೋಡೆಯ ಮೇಲಿತ್ತು, ವಾಟ್ಸಾಪ್‌ನಲ್ಲಿ ಎಲ್ಲಿಯವರೆಗೆ ಹೋಗಿತ್ತೋ ಯಾರಿಗೂ ಗೊತ್ತಿರಲಿಲ್ಲ.

ಅವನು ಕ್ಷಮೆ ಕೇಳಲಿಲ್ಲ. ಕೇಳುವ ಧೈರ್ಯವೇ ಬರಲಿಲ್ಲ ಎನ್ನುವುದು ಸರಿ.

"ಎಲ್ಲಾ ಊರಿಗೂ ನಾನೇ ಹೋಗಿ ತೆಗೀತೀನ್ರೀ. ಸರಿಯಾದ್ದು ಹಚ್ಚಿ ಬರ್ತೀನಿ."

"ನಿಮ್ಮನ್ನ ಹೆಂಗೆ ನಂಬಲಿ? ನಾನೂ ಬರ್ತೀನಿ."

ಹಾಗೆ ಶುರುವಾಯಿತು.

ಬೈಲಪ್ಪ ಸಂತೆಯಿಂದ ಸಂತೆಗೆ ಹೋಗಿ ಸ್ಟವ್, ಛತ್ರಿ ರಿಪೇರಿ ಮಾಡುತ್ತಿದ್ದ ಮನುಷ್ಯ. ಈಚೆಗೆ ಮರೆವು ಹತ್ತಿ ಮನೆಯಲ್ಲೇ ಇದ್ದ. ಒಂದು ಬೆಳಿಗ್ಗೆ ಹಳೆಯ ಚೀಲ ಹೆಗಲಿಗೆ ಹಾಕಿಕೊಂಡು, ಸಂತೆಗೆ ಹೋಗಿ ಬರ್ತೀನಿ ಅಂದವನು ಬಸ್ ಹತ್ತಿದ. ಆಮೇಲೆ ಸುದ್ದಿಯಿಲ್ಲ. ಅವನು ತಿರುಗಿದ ಸಂತೆಯ ಊರುಗಳಲ್ಲೇ ಎಲ್ಲಾದರೂ ಇರಬೇಕು ಎನ್ನುವುದಷ್ಟೇ ಕಾವ್ಯಶ್ರೀಗೆ ಉಳಿದ ಆಸೆ.

ಅವಳಿಗೆ ಮೆಡಿಕಲ್ ಶಾಪಿನಲ್ಲಿ ಕೆಲಸ, ಭಾನುವಾರ ರಜೆ. ಭಾನುವಾರಗಳಂದು ಇಬ್ಬರೂ ಒಂದೇ ಬಸ್ಸಿನಲ್ಲಿ ಹೋಗುತ್ತಿದ್ದರು. ಅವಳು ಮುಂದಿನ ಸೀಟು, ಅವನು ಹಿಂದಿನದು. ಅವಳ ತಾಯಿ ಪುಷ್ಪಾವತಿ ಮಾತ್ರ ರೊಟ್ಟಿಯನ್ನು ಇಬ್ಬರಿಗೂ ಸೇರಿಸಿಯೇ ಕಟ್ಟುತ್ತಿದ್ದಳು. ಅವನಿಗ್ಯಾಕೆ ಎಂದು ಮಗಳು ಸಿಡುಕಿದರೆ, "ಹೊಟ್ಟೆ ಅವನಿಗೂ ಐತಲ್ಲ" ಎನ್ನುತ್ತಿದ್ದಳು.

ಸವಳಂಗದಲ್ಲಿ ಕಾವ್ಯಶ್ರೀ ಮೊದಲ ಸಲ ಅವನನ್ನು ಸರಿಯಾಗಿ ನೋಡಿದಳು.

ಪೋಸ್ಟರನ್ನು ಪರಪರ ಹರಿದು ಎಸೆಯುತ್ತಾನೆ ಎಂದುಕೊಂಡಿದ್ದಳು. ಅವನು ಹಾಗೆ ಮಾಡಲಿಲ್ಲ. ಒದ್ದೆ ಬಟ್ಟೆಯಿಂದ ಅಂಚುಗಳನ್ನು ನೆನೆಸಿ, ಉಗುರಿನಿಂದ ಬಿಡಿಸಿ, ಹಾಳೆಯನ್ನು ಇಡಿಯಾಗಿ ಇಳಿಸುತ್ತಿದ್ದ. ಯಾಕಿಷ್ಟು ತಡ ಎಂದು ಕೇಳಿದಳು.

"ಅರ್ಜೆಂಟ್ ಮಾಡಿದ್ರೆ ಮುಖದ ಮೇಲೆ ಹರೀತೈತೆ ಕಣ್ರೀ."

ಅವಳು ತಿರುಗಿ ನಿಂತು ವೇಲಿನ ಅಂಚನ್ನು ಕಣ್ಣಿಗೊತ್ತಿಕೊಂಡಳು. ಇವನ ಮೇಲೆ ಸಿಟ್ಟಿರಬೇಕಲ್ಲ ನನಗೆ… ಎಲ್ಲಿ ಹೋಯಿತು ಅದು?

ಆ ಸಿಟ್ಟು ಜಗಳೂರಿನಲ್ಲಿ ಕಾದು ಕೂತಿತ್ತು.

ಅಲ್ಲಿ ಬಸ್ ನಿಲ್ದಾಣದ ಪಕ್ಕ ಚಹಾ ಅಂಗಡಿಯ ರೇವಣ್ಣ ಹೊಸ ಪೋಸ್ಟರನ್ನು ಬಹಳ ಹೊತ್ತು ನೋಡಿದ. ಹೆಗಲಿಗೆ ಚೀಲ ಹಾಕಿಕೊಂಡ ಇಂಥದೇ ಯಜಮಾನ ಬಂದಿದ್ದನೆಂದೂ, ತನ್ನ ಅಂಗಡಿಯ ಸ್ಟವ್ ನೋಡಿ ವಾಷರ್ ಹಾಕಬೇಕು ಅಂದನೆಂದೂ ಹೇಳಿದ.

ಕಾವ್ಯಶ್ರೀ ಪೋಸ್ಟರಿನ ನಂಬರ್ ಮೇಲೆ ಬೆರಳಿಟ್ಟಳು. "ಫೋನ್ ಮಾಡಬೇಕಿತ್ತಲ್ಲಣ್ಣ…"

"ಮೊಬೈಲ್‌ನಾಗೆ ಫೋಟೋ ಬಂದಿತ್ತವ್ವ. ಅದೇ ಮುಖ ಅನ್ನಿಸ್ತು. ಆದ್ರೆ ಅದ್ರಾಗೆ ದೀಪ ಇಟ್ಟಿದ್ರು. ಸತ್ತೋರು ಬಂದು ಚಾ ಕುಡೀತಾರಾ? ಬ್ಯಾರೆ ಯಾರೋ ಇರಬೇಕು ಅಂತ ಸುಮ್ನಾದೆ."

ಆ ಯಜಮಾನ ಚಹಾ ಕುಡಿದು, ಗ್ಲಾಸು ತಾನೇ ತೊಳೆದಿಟ್ಟು, ಯಾವುದೋ ಬಸ್ ಹತ್ತಿ ಹೋದನಂತೆ. ಯಾವ ಬಸ್ಸೆಂದು ರೇವಣ್ಣ ನೋಡಿರಲಿಲ್ಲ.

ಇಬ್ಬರೂ ಸಂಜೆಯವರೆಗೆ ಸಿಕ್ಕಸಿಕ್ಕ ಕಂಡಕ್ಟರ್‌ಗಳನ್ನೆಲ್ಲ ಕೇಳಿದರು. ಕುರಿ ಹೊಡೆದುಕೊಂಡು ಹೋಗುವವರನ್ನೂ ಬಿಡಲಿಲ್ಲ. ಯಾರಿಗೂ ಗೊತ್ತಿರಲಿಲ್ಲ.

ವಾಪಸ್ ಬರುವಾಗ ಮಾಲತೇಶ್ ರೊಟ್ಟಿಯ ಗಂಟನ್ನು ಬಿಚ್ಚದೆ ಅವಳಿಗೆ ಮರಳಿಸಿದ. ಅವಳು ಅವನ ಮುಖ ನೋಡದೆ ಹೇಳಿದಳು: "ಇನ್ಮೇಲೆ ನೀವು ಬರಬ್ಯಾಡ್ರಿ."

ಅವನು ತಲೆಯಾಡಿಸಿದ. ವಾದಿಸುವ ಹಕ್ಕು ತನಗಿದೆ ಎಂದು ಅವನಿಗೆ ಅನ್ನಿಸಿರಲಿಲ್ಲ.

ಆಮೇಲಿನ ದಿನಗಳು ಕಾವ್ಯಶ್ರೀಗೆ ಬಲು ಭಾರವಾದವು. ಅಪ್ಪನ ಅಕ್ಕ, ಸೋದರತ್ತೆ ಭೀಮಕ್ಕ ಹೊನ್ನಾಳಿಯಿಂದ ಬಂದಾಗಲೆಲ್ಲ ತಿಥಿಯ ಮಾತು ತೆಗೆಯುತ್ತಿದ್ದಳು. ಇಷ್ಟು ದಿನವಾಯಿತು, ಸುದ್ದಿಯಿಲ್ಲ, ಮಾಡಿ ಮುಗಿಸಿಬಿಡಿ, ಅವನ ಜೀವಕ್ಕೂ ನೆಮ್ಮದಿ ಎನ್ನುತ್ತಿದ್ದಳು. ಪುಷ್ಪಾವತಿ ಕಾಲುಂಗುರವನ್ನು ಸೀರೆಯ ಅಂಚಿನಲ್ಲಿ ಮುಚ್ಚಿಕೊಳ್ಳುತ್ತಿದ್ದಳು.

"ನಿನಗೇನವ್ವ, ಅಪ್ಪನ್ನ ಹುಡುಕೋ ನೆಪದಾಗೆ ಆ ಫ್ಲೆಕ್ಸ್ ಹುಡುಗನ ಜೊತೆ ಊರು ಸುತ್ತಿದ್ದಾತು," ಎಂದು ಅತ್ತೆ ಒಮ್ಮೆ ಚುಚ್ಚಿದಳು.

ಕಾವ್ಯಶ್ರೀ ಎದ್ದು ಅಡುಗೆಮನೆಗೆ ಹೋದಳು. ಸುಳ್ಳು ಎನ್ನೋಣವೆಂದರೆ ಅದು ಪೂರ್ತಿ ಸುಳ್ಳಾಗಿರಲಿಲ್ಲ. ಅವನನ್ನು ನೋಡಬೇಕೆನಿಸುತ್ತಿತ್ತು… ಹಾಗೆ ಅನಿಸಿದಾಗಲೆಲ್ಲ ಅಪ್ಪ ತೊಳೆದಿಟ್ಟ ಆ ಗ್ಲಾಸು ಕಣ್ಣ ಮುಂದೆ ಬರುತ್ತಿತ್ತು. ತಪ್ಪಿನ ಭಾರಕ್ಕೆ ತಾನೇ ಅವನು ಜೊತೆ ಬಂದದ್ದು? ಬೇಡ ಅಂದೊಡನೆ ನಿಂತೂ ಬಿಟ್ಟ.

ಹೊಸ ವರ್ಷದ ಮೊದಲ ದಿನ ಕೆಲಸಕ್ಕೆ ಹೊರಟವಳು ಬಸ್ ನಿಲ್ದಾಣದ ಗೋಡೆಯ ಮುಂದೆ ನಿಂತುಬಿಟ್ಟಳು.

ಅಪ್ಪನ ಪೋಸ್ಟರ್. 'ಕಾಣೆಯಾಗಿದ್ದಾರೆ'. ಹಳೆಯದು ಬಿಸಿಲಿಗೆ ಮಾಸಿತ್ತು. ಇದು ಹೊಚ್ಚ ಹೊಸದು. ಗೋಂದು ಇನ್ನೂ ಹಸಿಯಾಗಿತ್ತು. ಆದರೆ ಒಂದು ತಪ್ಪಿತ್ತು. ಅರವತ್ತೊಂದು ಇರಬೇಕಾದ ಕಡೆ ವಯಸ್ಸು ಅರವತ್ತೆರಡು ಎಂದಿತ್ತು.

ಅವಳ ಕಾಲು ತಾನಾಗಿಯೇ ರಸ್ತೆ ದಾಟಿ ಅಂಗಡಿಯ ಬಾಗಿಲಿಗೆ ಬಂದಿತು.

"ವಯಸ್ಸು ತಪ್ಪಾಗೈತೆ," ಎಂದಳು.

ಮಾಲತೇಶ್ ಎದ್ದು ನಿಂತ. ಅವನ ಕೈಯೆಲ್ಲ ಗೋಂದು.

"ತಪ್ಪಿಲ್ರೀ. ಆಧಾರ್ ಕಾರ್ಡ್‌ನಾಗೆ ಅವರ ಹುಟ್ಟಿದ ದಿನ ಜನವರಿ ಒಂದು ಅಂತ ಐತಲ್ಲ." ತಡೆದು, ಮೆಲ್ಲಗೆ ಮುಂದುವರಿಸಿದ. "ಹಳೇ ಡಿಸೈನ್‌ನಾಗೆ ವಯಸ್ಸು ಅಲ್ಲೇ ನಿಂತುಬಿಡ್ತಿತ್ತು. ಅದನ್ನ ಬದಲು ಮಾಡೀನಿ. ಬದುಕಿರೋರಿಗೆ ವಯಸ್ಸು ಏರಬೇಕಲ್ಲ."

ಕಾವ್ಯಶ್ರೀ ಬಾಗಿಲ ಚೌಕಟ್ಟು ಹಿಡಿದುಕೊಂಡಳು. ಮನೆಯಲ್ಲಿ, ಬೀದಿಯಲ್ಲಿ, ಎಲ್ಲರ ಬಾಯಲ್ಲೂ ಅಪ್ಪ ಸತ್ತಾಗಿತ್ತು. ಇಲ್ಲೊಬ್ಬನ ಕಂಪ್ಯೂಟರ್‌ನಲ್ಲಿ ಅಪ್ಪನಿಗೆ ಒಂದು ವರ್ಷ ಹೆಚ್ಚಾಗಿತ್ತು.

ಟೇಬಲ್ ಮೇಲೆ ಜಗಳೂರು, ನ್ಯಾಮತಿಯ ಬಸ್ ಟಿಕೆಟ್‌ಗಳು ಬಿದ್ದಿದ್ದವು. ಅವನು ಹೋಗುವುದನ್ನು ನಿಲ್ಲಿಸಿರಲಿಲ್ಲ. ಅವಳಿಗೆ ಕಾಣದಂತೆ ಒಬ್ಬನೇ ಹೋಗಿ ಹುಡುಕುತ್ತಿದ್ದ.

"ತಪ್ಪು ಮಾಡಿದ್ದಕ್ಕಾ ಇದೆಲ್ಲ?" ಎಂದು ಕೇಳಿದಳು.

"ಮೊದಮೊದಲು ಅದಕ್ಕೇ," ಎಂದ ಮಾಲತೇಶ್. "ಆಮೇಲೆ… ನೀವು ನಕ್ಕಿದ್ದನ್ನ ನಾನು ಒಂದು ಸಲನೂ ನೋಡಿಲ್ಲ. ಅದೊಂದು ನೋಡಬೇಕು ಅಂತ ಆಸೆ. ಬಾಯಿ ಬಿಟ್ಟು ಕೇಳಾಕೆ ಆಗಲಿಲ್ಲ. ನಿಮ್ಮ ಕಷ್ಟದಾಗೆ ಇದನ್ನ ಕೇಳೋದು ಸರೀನಾ ಅಂತ."

ಅವಳು ಒಳಗೆ ಬಂದು ಅವನ ಪಕ್ಕದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಳು. ಕಂಪ್ಯೂಟರ್‌ನಲ್ಲಿ ಅಪ್ಪನ ಸಾಲು ತೆರೆಯಿರಿ ಎಂದಳು. ಅಂಗಡಿಯಲ್ಲಿ ಔಷಧಿ ಕೊಡುವಾಗ ತನಗೆ ಫೋನ್ ಎತ್ತಲು ಆಗುವುದಿಲ್ಲ, ಯಾರಾದರೂ ಕರೆ ಮಾಡಿ ಸಿಗದೆ ಹೋದರೆ ಎಂಬ ಭಯಕ್ಕೆ ನಿದ್ದೆ ಬರುವುದಿಲ್ಲ, ಎರಡನೇ ನಂಬರ್ ಆಗಿ ಅವನದನ್ನು ಹಾಕಬೇಕು ಎಂದಳು.

ಮಾಲತೇಶ್ ನಂಬರ್ ಒತ್ತಿದ. ಪಕ್ಕದ ಕಾಲಂ ಕೆಂಪಾಯಿತು. ಆ ದೊಡ್ಡ ತಪ್ಪಿನ ನಂತರ ಅವನ ಸಾಫ್ಟ್‌ವೇರ್ ಯಾವ ಕಾಲಮನ್ನೂ ಖಾಲಿ ಬಿಡಲು ಒಪ್ಪುತ್ತಿರಲಿಲ್ಲ.

"ಸಂಬಂಧ ಏನು ಅಂತ ಕೇಳ್ತೈತೆ," ಎಂದ ಅವನು, ಪರದೆಯಿಂದ ಕಣ್ಣು ತೆಗೆಯದೆ. "ಏನಂತ ಬರೀಲಿ?"

ಅವಳು ಪರದೆಯ ಮೇಲಿನ ಅಪ್ಪನ ಫೋಟೋ ನೋಡಿದಳು.

"ಅಳಿಯ ಅಂತ ಬರೀರಿ."

ಗೋಂದು ಮೆತ್ತಿದ ಬೆರಳುಗಳು ಕೀಬೋರ್ಡ್ ಮೇಲೆ ಹಾಗೇ ನಿಂತವು. ಹೊರಗೆ ಬಸ್ಸೊಂದು ಹೊನ್ನಾಳಿ, ಹೊನ್ನಾಳಿ ಎಂದು ಕೂಗಿಸಿಕೊಳ್ಳುತ್ತಾ ಹೊರಟಿತು.

"ಎಲ್ಲೋ ಗೋಡೆ ಮೇಲೆ ಇದನ್ನ ಓದಿ," ಎಂದ ಅವನು ಕೊನೆಗೆ, "ನನ್ನ ಕೇಳದೆ ಯಾವನಪ್ಪ ಇವನು ಅಳಿಯ ಅಂತ ನಿಮ್ಮಪ್ಪ ಸಿಟ್ಟಾದ್ರೆ?"

"ಆಗಲಿ," ಎಂದಳು ಕಾವ್ಯಶ್ರೀ. ಅವಳ ಕಣ್ಣಲ್ಲಿ ನೀರಿತ್ತು, ಆದರೂ ತುಟಿ ನಕ್ಕಿತು. "ಬೈಯಾಕಾದ್ರೂ ಮನೆಗೆ ಬರಲಿ."